ಹನ್ನೊಂದನೆಯವನು

ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಮುಂದಿನ ತುದಿ ಗೋಡೆಗೆ ಒತ್ತಿತ್ತು, ಹಿಂದಿನ ತುದಿ ಕಂಬಿಗೆ. ಹಿಂದೆ ಹಿಡಿದಿದ್ದ ನಕ್ಷೆಗಾರನಿಗೆ ಮೇಲಕ್ಕೂ ಹೋಗಲಾಗದು, ಕೆಳಕ್ಕೂ ಇಳಿಯಲಾಗದು. ಪೆಟ್ಟಿಗೆ ಇನ್ನೂ ಖಾಲಿಯೇ ಇತ್ತು.

"ಎಡಕ್ಕೆ ವಾಲಿಸಿ, ಎಡಕ್ಕೆ," ಎಂದು ಮೇಲಿನ ಮೆಟ್ಟಿಲಲ್ಲಿ ನಿಂತು ಟಪಾಲಿನವರು ಹೇಳುತ್ತಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ಟಪಾಲು ನೋಡಿಕೊಂಡು ನಿವೃತ್ತರಾದವರು. ಭಾರ ಎತ್ತುವ ಕೆಲಸ ಬಂದರೆ ಅರ್ಧದಷ್ಟನ್ನು ಬಾಯಲ್ಲೇ ಮುಗಿಸುವ ಅಭ್ಯಾಸ ಅವರದು. "ಜೀವಮಾನವೆಲ್ಲ ಒಂದು ಡಬ್ಬಿ ಕಾಯ್ದ ಮನುಷ್ಯ. ಈ ಡಬ್ಬಿ ನೋಡಿ, ಹತ್ತೋಕೇ ಒಪ್ತಾ ಇಲ್ಲ."

ಯಾರೋ ನಕ್ಕು, ನಕ್ಕಿದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಶವದ ಗಾಡಿಯ ಚಾಲಕ ಪೆಟ್ಟಿಗೆಯನ್ನು ಕಂಬಿಯ ಮೇಲಕ್ಕೆತ್ತಿಸಿ ತಿರುಗಿಸಿದ. ಅವನಿಗೆ ಇಂಥ ತಿರುವುಗಳು ದಿನಕ್ಕೆ ಎರಡಾದರೂ ಸಿಗುತ್ತಿದ್ದವು. ಪೆಟ್ಟಿಗೆ ಮೂರನೇ ಮಹಡಿಗೆ ಹೋಯಿತು.

ಅಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದವರನ್ನು ಕಚೇರಿಯಲ್ಲಿ ಎಲ್ಲರೂ ಡಬ್ಬಣ್ಣ ಅನ್ನುತ್ತಿದ್ದರು. ಊರಿನ ನೀರಿನ ಕೊಳವೆಗಳ ನಕ್ಷೆ ಇಡುವ ಕಚೇರಿ ಅದು. ಎಲ್ಲರ ನಕ್ಷೆ, ಪತ್ರ, ಪಟ್ಟಿಗಳೂ ಇರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯ, ಡಬ್ಬಿ ಎಂದೇ ಹೆಸರಾದ ಒಂದು ಹಳೆಯ ಸರ್ವರಿನಲ್ಲಿ. ಅದನ್ನು ಕಾಯುವುದೇ ಅವರ ಕೆಲಸವಾಗಿತ್ತು. ಒಂಬತ್ತು ವರ್ಷದ ಹಿಂದೆ ಆ ಕೆಲಸದಿಂದ ಅವರನ್ನು ತೆಗೆದು ದಾಸ್ತಾನು ಕೋಣೆಗೆ ಹಾಕಿದರು. ಕಾಗದ, ಶಾಯಿ, ಪೊರಕೆ ಎಣಿಸುತ್ತ ಅಲ್ಲಿಂದಲೇ ನಿವೃತ್ತರಾದರು. ಹೆಸರು ಮಾತ್ರ ಡಬ್ಬಣ್ಣ ಎಂದೇ ಉಳಿಯಿತು.

ನಕ್ಷೆಗಾರ ಅವರ ಮುಖವನ್ನು ಒಂದು ಸಲ ನೋಡಿ ಕಿಟಕಿಯ ಹೊರಗೆ ನೋಡಿದ. ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬೆನ್ನು ಮನೆಯ ಕಡೆಗಿತ್ತು. ಅವಳು ಡಬ್ಬಣ್ಣನ ತಂಗಿ, ಅದೇ ಕಚೇರಿಯಲ್ಲಿ ದುಡಿದವಳು, ಕಿರಿಯರಿಗೆಲ್ಲ ಅಕ್ಕ. ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಬೆಳಿಗ್ಗೆ ಏಳಕ್ಕೇ ಬಂದಿದ್ದಳಂತೆ, ಆದರೆ ಮೆಟ್ಟಿಲು ಹತ್ತಿರಲಿಲ್ಲ.

ಚಾಲಕ ಡಬ್ಬಣ್ಣನ ಹೆಂಡತಿಯ ಹತ್ತಿರ ಬಗ್ಗಿ, ಹನ್ನೊಂದೂವರೆಗೆ ಮುಚ್ಚಳ ಹಾಕಬೇಕು, ಹಾಕಿದ ಮೇಲೆ ತೆಗೆಯುವುದಿಲ್ಲ, ಚಿತಾಗಾರದಲ್ಲಿ ಪೆಟ್ಟಿಗೆ ಸಮೇತ ನೇರವಾಗಿ ಬೆಂಕಿಗೆ ಹೋಗುತ್ತದೆ, ನೋಡಬೇಕಾದವರು ಇಲ್ಲೇ ನೋಡಿಬಿಡಲಿ ಎಂದ. ಆಕೆ ತಲೆಯಾಡಿಸಿ ನಕ್ಷೆಗಾರನ ತೋಳು ಹಿಡಿದಳು.

"ನೀನೇ ಹೋಗಿ ಅವಳನ್ನ ಕರ್ಕೊಂಡು ಬಾಪ್ಪ. ನಾನು ಎರಡು ಸಲ ಇಳಿದು ಬಂದೆ. ನನ್ನ ಮಾತು ಕೇಳಲ್ಲ ಅವಳು. ನಿನ್ನ ಕಂಡ್ರೆ ಅವಳಿಗೆ ತುಂಬಾ ವಿಶ್ವಾಸ."

ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತಾಗಿತ್ತು. ವಿಶ್ವಾಸ ಅನ್ನುವ ಆ ಒಂದು ಮಾತಿಗೆ ಅವನ ಕಿವಿಯ ತುದಿಯವರೆಗೂ ಬಿಸಿ ಹತ್ತಿತು. ಹೋಗ್ತೀನಿ ಅತ್ತಿಗೆ ಎಂದು ಹೇಳಿ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತುಕೊಂಡ.

*

ಆ ಸರ್ವರಿಗೆ ಒಂದು ಸಲಕ್ಕೆ ಹತ್ತು ಜನ ಮಾತ್ರ. ಕೊಂಡಾಗ ಕಚೇರಿಯಲ್ಲಿ ಎಂಟೇ ಜನವಿದ್ದರು, ಹತ್ತು ಧಾರಾಳವಾಗಿತ್ತು. ಆಮೇಲೆ ಜನ ಹದಿನಾಲ್ಕಾದರು. ಸರ್ವರು ಮಾತ್ರ ಹತ್ತಕ್ಕೇ ನಿಂತಿತು. ಹನ್ನೊಂದನೆಯವನು ಫೈಲು ತೆರೆಯಲು ಹೋದರೆ ಪರದೆಯ ಮೇಲೆ ಒಂದು ಬೂದು ಚೌಕ ಬಂದು, ಇನ್ನು ಸಂಪರ್ಕ ಸಾಧ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಹೊಸದು ಕೊಡಿಸಿ ಎಂದು ಡಬ್ಬಣ್ಣ ಎಷ್ಟು ಪತ್ರ ಬರೆದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ತಾವೇ ಒಂದು ಪದ್ಧತಿ ಮಾಡಿದರು. ಸರ್ವರು ಅಂದರೆ ಹತ್ತು ಸೀಟಿನ ವ್ಯಾನು. ಹತ್ತಬೇಕಾದವರು ಕೂಗಬೇಕು, ಕೆಲಸ ಮುಗಿದವರು ಇಳಿಯಬೇಕು. ದಿನವಿಡೀ ಕಚೇರಿಯಲ್ಲಿ ಅದೇ ಸದ್ದು. "ಯಾರಾದ್ರೂ ಇಳೀರಪ್ಪ," "ನಾನಿಳಿದೆ, ಹತ್ತಿ," "ಇಳಿದೆ ಅಂದು ಮತ್ತೆ ಹತ್ತಿದೋರು ಯಾರ್ರೀ ಅದು?" ಹೊರಗಿನಿಂದ ಬಂದವರು ಇದು ನಕ್ಷೆ ಕಚೇರಿಯೋ ಬಸ್ ನಿಲ್ದಾಣವೋ ಎಂದು ಬೆರಗಾಗುತ್ತಿದ್ದರು. ಯಾರೂ ಇಳಿಯದಿದ್ದರೆ ಡಬ್ಬಣ್ಣನಿಗೆ ಒಳಫೋನು ಹೋಗುತ್ತಿತ್ತು. ಅವರು ಕೆಳಗಿನಿಂದಲೇ ಸುಮ್ಮನೆ ಕೂತವರ ಸಂಪರ್ಕ ಕತ್ತರಿಸಿ ಜಾಗ ಮಾಡಿಕೊಡುತ್ತಿದ್ದರು.

ಪ್ರತಿ ಮೇಜಿನ ಪಕ್ಕವೂ ಅವರು ಕೈಯಾರೆ ಬರೆದ ಒಂದು ಹಾಳೆ ಅಂಟಿತ್ತು. ಎಡಗಡೆ ಯಂತ್ರದ ಮಾತು, ಬಲಗಡೆ ಅದರ ಅರ್ಥ. 'ದಾರಿ ಸಿಗಲಿಲ್ಲ' ಅಂದರೆ ಯಾರೋ ತಂತಿಯನ್ನು ಕಾಲಲ್ಲಿ ಎಳೆದಿದ್ದಾರೆ, ಮೇಜಿನ ಕೆಳಗೆ ನೋಡಿ. 'ಪ್ರವೇಶವಿಲ್ಲ' ಅಂದರೆ ಪಾಸ್‌ವರ್ಡು ತಪ್ಪಿದೆ, ಯಂತ್ರವನ್ನು ಬಯ್ಯಬೇಡಿ. 'ಫೈಲು ಬೇರೊಬ್ಬರ ಬಳಿ ತೆರೆದಿದೆ' ಅಂದರೆ ನನ್ನ ತಂಗಿ ಊಟಕ್ಕೆ ಹೋಗಿದ್ದಾಳೆ.

ಕೊನೆಯದು ತಮಾಷೆಯಾದರೂ ನಿಜವೇ. ಅಕ್ಕನಿಗೆ ಫೈಲು ಮುಚ್ಚುವ ಅಭ್ಯಾಸವೇ ಇರಲಿಲ್ಲ. ಹಳೇ ಊರಿನ ಎಲ್ಲ ವಾಲ್ವುಗಳ ಪಟ್ಟಿಯನ್ನು ಗೆದ್ದಲು ಹಿಡಿದ ಪುಸ್ತಕಗಳಿಂದ ನೋಡಿ ಟೈಪು ಮಾಡುತ್ತಿದ್ದಳು. ಒಂದೇ ದೊಡ್ಡ ಫೈಲು, ತಿಂಗಳುಗಟ್ಟಲೆ ತೆರೆದೇ ಇರುತ್ತಿತ್ತು. ತೆರೆದ ಫೈಲನ್ನು ಬ್ಯಾಕಪ್ ಬಿಟ್ಟು ಮುಂದೆ ಹೋಗುತ್ತದೆ ಕಣೇ, ಒಂದಿನ ಅಳ್ತೀಯ, ಎಂದು ಅಣ್ಣ ಬಯ್ಯುವುದು, ನಿನ್ನ ಡಬ್ಬಿಗೆ ಬುದ್ಧಿ ಹೇಳು ನನಗಲ್ಲ, ಎಂದು ತಂಗಿ ತಿರುಗಿ ಹೇಳುವುದು. ಹಾಗೆ ಬಯ್ದಾಡಿಕೊಂಡೇ ಇಬ್ಬರೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದರು. ಅಪ್ಪ ಅಮ್ಮ ಬೇಗ ಹೋದ ಮನೆ ಅದು. ತಂಗಿಯನ್ನು ಶಾಲೆಗೆ ಸೇರಿಸಿದ್ದೂ ಮದುವೆ ಮಾಡಿದ್ದೂ ಈ ಅಣ್ಣನೇ.

*

ನಕ್ಷೆಗಾರ ಒಂದು ಲೋಟ ಚಹಾ ಹಿಡಿದು ಕೆಳಗಿಳಿದ. ಹೇಳಿಬಿಡಬೇಕು ಎಂದು ಪ್ರತಿ ಮೆಟ್ಟಿಲಿಗೂ ಅಂದುಕೊಂಡ. ಕೆಳಗೆ ಬಂದಾಗ ಅಕ್ಕ ಅವನನ್ನು ಕಂಡು ಸ್ವಲ್ಪ ಸರಿದು, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ಜಾಗ ಮಾಡಿದಳು. ಅವನು ಕೂತ. ಮಗಳಿಗೆ ಹಲ್ಲು ಬಂತಾ ಎಂದು ಅವಳೇ ಮಾತು ತೆಗೆದಳು. ಬಂತು ಅಕ್ಕ, ಎರಡು ಬಂತು ಎಂದ. ಶಾಖಾ ಕಚೇರಿಯಲ್ಲಿ ತನಗೆ ಇನ್ನು ಒಂದೇ ವರ್ಷ ಉಳಿದಿದೆ ಎಂದಳು. ಹೌದಾ ಎಂದ. ಹೀಗೆ ಎಂಟು ನಿಮಿಷ ಕಳೆಯಿತು. ಅಷ್ಟರಲ್ಲಿ ಅವನು ಕೈಗಡಿಯಾರವನ್ನು ಆರು ಸಲ ನೋಡಿದ್ದ.

"ಮೇಲೆ ಬನ್ನಿ ಅಕ್ಕ," ಎಂದ ಕೊನೆಗೆ. "ಹನ್ನೊಂದೂವರೆಗೆ ಮುಚ್ಚಿಬಿಡ್ತಾರಂತೆ."

"ಬಂದಿದೀನಲ್ಲ, ಸಾಕು."

"ಒಂದು ಫೈಲಿಗೋಸ್ಕರ..."

"ಫೈಲು ಹಾಳಾಗಿ ಹೋಗ್ಲಿ," ಎಂದಳು ಅಕ್ಕ. ಸಿಟ್ಟಿನಲ್ಲಿ ಹೇಳಲಿಲ್ಲ, ದಣಿದವಳ ಹಾಗೆ ಹೇಳಿದಳು. "ಕತ್ತರಿಸಿದೆ ಅಂದಿದ್ರೆ ಎರಡು ದಿನ ಬಯ್ದು ಸುಮ್ಮನಾಗ್ತಿದ್ದೆ. ಅವನು ಏನಂದ ಗೊತ್ತಲ್ಲ ನಿಂಗೆ, ನೀನೂ ಅಲ್ಲೇ ಇದ್ದೆ. ಕೇಳೇ ಕತ್ತರಿಸಿದೆ ಅಂದ. ಯಾರನ್ನ ಕೇಳಿದೆ ಅಂದೆ. ಬಾಯಿ ಬಿಡ್ಲಿಲ್ಲ. ನಂಗೆ ಬುದ್ಧಿ ಕಲಿಸೋಕೆ ಬೇಕಂತಲೇ ಮಾಡಿ, ಆಮೇಲೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ದ. ಅಪ್ಪನ ಜಾಗದಲ್ಲಿದ್ದೋನು. ಆ ಮುಖ ನಾನ್ಯಾಕೆ ನೋಡ್ಲಿ?"

ಹೇಳಲೆಂದು ಅವನು ಅವಳ ಕಡೆ ತಿರುಗಿದ. ಆಗ ಅಕ್ಕ ಅವನ ಕೈ ಮೇಲೆ ಕೈಯಿಟ್ಟಳು.

"ಇಡೀ ಕಚೇರೀಲಿ ನೀನೊಬ್ಬನೇ ನನ್ನ ಜೊತೆ ಕೂತು ಮೂರು ವಾರ ತಿರುಗಿ ಟೈಪ್ ಮಾಡಿದ್ದು. ಹೊಸದಾಗಿ ಬಂದ ಹುಡುಗ, ನಿಂಗೇನು ಅದರ ಹಂಗು? ಅದನ್ನ ಮರೆಯಲ್ಲ ನಾನು."

ಅಷ್ಟು ಕೇಳಿದ ಮೇಲೆ ಹೇಳುವ ಧೈರ್ಯ ಅವನಲ್ಲಿ ಉಳಿಯಲಿಲ್ಲ. ಚಹಾ ಕುಡೀರಿ ಅಕ್ಕ, ಆರಿಹೋಗುತ್ತೆ ಎಂದು ಎದ್ದುಬಿಟ್ಟ.

*

ಅವತ್ತು ಅವನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು ಒಂದು ನಕ್ಷೆ ಕೇಳಿದರು, ಈಗಲೇ ಬೇಕು ಎಂದರು. ತೆರೆಯಲು ಹೋದ, ಬೂದು ಚೌಕ ಬಂತು. ಇಳೀರಪ್ಪ ಎಂದು ಕೂಗಿದ, ಯಾರೂ ಇಳಿಯಲಿಲ್ಲ. ಪಕ್ಕದ ಮೇಜಿನ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಅವನು ಒಳಫೋನು ಎತ್ತಿದ.

ತಂಗೀದು ಸುಮ್ಮನೆ ಕೂತಿದೆ, ಅದನ್ನೇ ತೆಗೀಬಹುದು ಎಂದರು ಡಬ್ಬಣ್ಣ. ಆಮೇಲೆ ಕೇಳಿದರು: "ಎದ್ದು ಹೋಗಿ ಅವಳ ಪರದೆ ಒಂದ್ಸಲ ನೋಡು ಮಾರಾಯ. ಆ ಪಟ್ಟಿ ತೆರೆದಿದ್ರೆ ನಾನು ಮುಟ್ಟಲ್ಲ. ಮುಚ್ಚಿದೆಯಾ?"

ಮೂರು ಹೆಜ್ಜೆ ದೂರ. ಅವಳ ಪರದೆ ಗೋಡೆಯ ಕಡೆ ತಿರುಗಿತ್ತು, ಕೂತಲ್ಲಿಂದ ಕಾಣುತ್ತಿರಲಿಲ್ಲ. ಸಾಹೇಬರು ಬಾಗಿಲಲ್ಲಿ ಬೆರಳಿನಿಂದ ಮರ ಕುಟ್ಟುತ್ತಿದ್ದರು. ಫೋನು ಕಿವಿಗಿಟ್ಟುಕೊಂಡು, ಕುರ್ಚಿಯಿಂದ ಏಳದೆಯೇ ಅವನು ಹೇಳಿದ: "ಮುಚ್ಚಿದೆ ಅಣ್ಣ, ಕತ್ತರಿಸಿ."

ಪಟ್ಟಿ ತೆರೆದೇ ಇತ್ತು. ಸಂಪರ್ಕ ತುಂಡಾದ ಕೂಡಲೇ ಅದು ನಡುವೆ ಮುರಿಯಿತು. ಬ್ಯಾಕಪ್ಪಿನಲ್ಲಿ ಸಿಕ್ಕಿದ್ದು ಮೂರು ತಿಂಗಳ ಹಿಂದಿನದು. ಟೈಪಾದ ಪುಸ್ತಕಗಳನ್ನು ಆಗಲೇ ರದ್ದಿಗೆ ಕಳಿಸಿಯಾಗಿತ್ತು. ಕೊನೆಯ ಮೂರು ವಾರದವು ಮಾತ್ರ ಇನ್ನೂ ಮೂಲೆಯಲ್ಲಿ ಬಿದ್ದಿದ್ದವು, ಉಳಿದದ್ದು ಹೋದದ್ದೇ. ಆ ಸಂಜೆ ಡಬ್ಬಣ್ಣ ಅವಳ ಮೇಜಿನ ಮುಂದೆ ನಿಂತು, ನಾನು ಕೇಳೇ ಕತ್ತರಿಸಿದೆ ಕಣೇ ಎಂದಾಗ, ಯಾರನ್ನ ಎಂದು ಅವಳು ಕೇಳಿದಾಗ, ಅವರು ಬಾಯಿ ತೆರೆದು ನಕ್ಷೆಗಾರನ ಕಡೆ ನೋಡಿದರು. ನಕ್ಷೆಗಾರ ಕೀಬೋರ್ಡು ನೋಡುತ್ತಿದ್ದ. ಅವರು ಬಾಯಿ ಮುಚ್ಚಿದರು.

ಎಲ್ಲರೂ ಹೋದ ಮೇಲೆ ಅವನು ಸರ್ವರು ಕೋಣೆಗೆ ಇಳಿದು ಅತ್ತ. ಕೆಲಸ ಹೋಗುತ್ತೆ ಅಣ್ಣ, ಖಾಯಂ ಆಗಲಿ, ಆದ ದಿನವೇ ನಾನೇ ಅಕ್ಕನ ಕಾಲು ಹಿಡಿದು ಹೇಳ್ತೀನಿ ಎಂದ. ಡಬ್ಬಣ್ಣ ಯಂತ್ರದ ಹಸಿರು ದೀಪ ನೋಡುತ್ತ ಕೂತಿದ್ದರು.

"ನಾನು ಹೇಳಿದ್ರೆ ಚಾಡಿ ಆಗುತ್ತೆ. ಅವಳು ನಂಬೋದೂ ಇಲ್ಲ, ತಪ್ಪಿಸ್ಕೊಳ್ಳೋಕೆ ಹುಡುಗನ ಮೇಲೆ ಹಾಕ್ದ ಅಂತಾಳೆ," ಎಂದರು. "ನೀನೇ ಹೇಳು. ಬೇಗ ಹೇಳು."

ಅವನ ಕೆಲಸ ನಾಲ್ಕು ತಿಂಗಳಿಗೆ ಖಾಯಂ ಆಯಿತು. ಅಷ್ಟರಲ್ಲಿ ಪಟ್ಟಿ ಹಾಳಾದ ತಪ್ಪಿಗೆ ಡಬ್ಬಣ್ಣನನ್ನು ದಾಸ್ತಾನು ಕೋಣೆಗೆ ಹಾಕಿದ್ದರು. ಅಕ್ಕ ತಾನೇ ಕೇಳಿಕೊಂಡು ಊರಿನ ಆ ತುದಿಯ ಶಾಖೆಗೆ ಹೋಗಿದ್ದಳು. ದಾಸ್ತಾನಿಗೆ ಕಾಗದ ತರಲು ಹೋದಾಗಲೆಲ್ಲ ಡಬ್ಬಣ್ಣ ಒಂದೇ ಮಾತು ಕೇಳುತ್ತಿದ್ದರು: "ಹೇಳಿದೆಯಾ?" ಈ ವಾರ ಅಣ್ಣ ಅನ್ನುತ್ತಿದ್ದ. ಕೆಲ ಕಾಲದ ಮೇಲೆ ಕಾಗದ ತರಲು ಬೇರೆಯವರನ್ನು ಕಳಿಸತೊಡಗಿದ. ಇಂದು ಹೇಳುವೆ ನಾಳೆ ಹೇಳುವೆ ಎಂದು ಒಂಬತ್ತು ವರ್ಷ ಒಬ್ಬ ಮನುಷ್ಯನ ಊಟದ ಮೇಜಿನ ಎದುರು ಕುರ್ಚಿಯನ್ನು ಖಾಲಿ ಇಟ್ಟವನು ತಾನು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಉಂಡ, ಮದುವೆಯಾದ, ಬಡ್ತಿ ಪಡೆದ.

ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದ. ಕೇಳುತ್ತಾರೆ ಎಂದು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಹೋಗಿದ್ದ. ಡಬ್ಬಣ್ಣ ಅವನ ಮಗಳ ಬಗ್ಗೆ ಕೇಳಿದರು, ಹೊಸ ಸರ್ವರಿಗೆ ಎಷ್ಟು ಜನ ಹತ್ತಬಹುದು ಎಂದು ಕೇಳಿದರು. ಎಷ್ಟು ಜನ ಬೇಕಾದರೂ ಎಂದಾಗ, ಪರವಾಗಿಲ್ಲವೇ ಎಂದು ನಕ್ಕರು. ಆ ಒಂದು ಮಾತು ಮಾತ್ರ ಕೇಳಲೇ ಇಲ್ಲ. ಅವರು ಕಾಯುವುದನ್ನು ಬಿಟ್ಟಿದ್ದಾರೆ ಎಂದು ಅವನಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು.

*

"ಬರಲ್ಲವಂತೆ ಅತ್ತಿಗೆ," ಎಂದು ಅವನು ಮೇಲೆ ಹೋಗಿ ಹೇಳಿದ.

ಡಬ್ಬಣ್ಣನ ಹೆಂಡತಿ ಬಾಗಿಲ ಕಡೆ ನೋಡಿದಳು. ಹನ್ನೊಂದೂವರೆಯಾದಾಗ, ಇನ್ನೂ ಹತ್ತು ನಿಮಿಷ ಇರಿ ಎಂದು ಚಾಲಕನನ್ನು ಕೇಳಿಕೊಂಡಳು. ಅವನು ಪಾಪ, ಹದಿನೈದು ನಿಮಿಷ ನಿಂತ. ನಕ್ಷೆಗಾರ ಆ ಹದಿನೈದು ನಿಮಿಷವೂ ಗೋಡೆಗೆ ಒರಗಿ ಅಲ್ಲೇ ಇದ್ದ. ಇಳಿದು ಹೋಗಿ ಒಂದು ವಾಕ್ಯ ಹೇಳಿದ್ದರೆ ಅಕ್ಕ ಓಡಿ ಬರುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಷ್ಟು ಜನರ ಮುಂದೆ, ಅತ್ತಿಗೆಯ ಮುಂದೆ, ಟಪಾಲಿನವರ ಮುಂದೆ ಅವಳು ತನ್ನನ್ನು ನೋಡುವ ನೋಟ ಕಣ್ಣಿಗೆ ಕಟ್ಟಿ ಕಾಲು ಏಳಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಮುಚ್ಚಳ ಹಾಕಿ ಆರು ತಿರುಪು ಬಿಗಿದರು. ಟಪಾಲಿನವರು ಆಗ ಏನೂ ತಮಾಷೆ ಮಾಡಲಿಲ್ಲ, ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುತ್ತ ಒಂದು ಮೂಲೆಗೆ ತಾವೂ ಹೆಗಲು ಕೊಟ್ಟರು. ಪೆಟ್ಟಿಗೆಯನ್ನು ತಿರುವಿನಲ್ಲಿ ಕಂಬಿಯ ಮೇಲಕ್ಕೆತ್ತಿ ಇಳಿಸಿದರು. ಈಗ ಅದಕ್ಕೆ ಭಾರವಿತ್ತು. ಸೈಕಲ್ ಜಾಗದ ಮುಂದೆ ಹಾಯುವಾಗ ಅಕ್ಕ ಎದ್ದು ನಿಂತಳು, ಮುಖವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಬೆನ್ನು ಅಲುಗುತ್ತಿತ್ತು.

ಆ ಬೆನ್ನು ನೋಡಿ ನಕ್ಷೆಗಾರನಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಗಾಡಿಯೊಳಗೆ ಸರಿಸಿ, ತಿರುಗಿ ನೇರವಾಗಿ ಅವಳ ಹತ್ತಿರ ಬಂದ.

"ಅಕ್ಕ, ಅಣ್ಣ ಕೇಳಿದ್ದು ನನ್ನನ್ನ."

ಅವಳಿಗೆ ಅರ್ಥವಾಗಲಿಲ್ಲ. ಕಣ್ಣೊರೆಸಿಕೊಂಡು, ಏನು ಎಂದಳು.

"ಅವತ್ತು ಫೋನಲ್ಲಿ. ಎದ್ದು ನಿಮ್ಮ ಪರದೆ ನೋಡು ಅಂದ್ರು. ನಾನು ಏಳಲಿಲ್ಲ. ನೋಡದೇನೇ ಮುಚ್ಚಿದೆ, ಕತ್ತರಿಸಿ ಅಂದೆ. ಅವ್ರು ಸುಳ್ಳು ಹೇಳಿರಲಿಲ್ಲ ಅಕ್ಕ."

"ಮತ್ತೆ ನಿನ್ನ ಹೆಸರು ಯಾಕೆ ಹೇಳ್ಲಿಲ್ಲ ಅವನು?"

"ನಾನೇ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಕಾಯ್ತಿದ್ರು."

ಅಕ್ಕ ಅವನನ್ನು ನೋಡುತ್ತ ನಿಂತಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆದರೆ ಒಳ್ಳೆಯದು ಅನ್ನಿಸಿತು. ಅವಳು ಮೂರನೇ ಮಹಡಿಯ ಕಿಟಕಿ ನೋಡಿದಳು, ಗಾಡಿ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಚಹಾ ತಂದಾಗ ಗೊತ್ತಿತ್ತಲ್ಲ ನಿಂಗೆ," ಎಂದಳು, ಬಹಳ ಮೆಲ್ಲಗೆ. "ಆಗ ಅವನ ಮುಖ ತೆರೆದಿತ್ತು."

ಅಷ್ಟು ಹೇಳಿ ಅವಳು ಗಾಡಿಯ ಕಡೆ ತಿರುಗಿದಳು. ಐವತ್ತೇಳು ವರ್ಷದ ಹೆಂಗಸು, ಮಂಡಿ ನೋವಿನವಳು, ಸಣ್ಣ ಹುಡುಗಿಯ ಹಾಗೆ ಓಡಿದಳು. ಚಾಲಕ ಹಿಂಬಾಗಿಲು ಹಾಕುತ್ತಿದ್ದವನು, ತೆಗೆಯೋ ಹಾಗಿಲ್ಲಮ್ಮ ಎಂದು ಹೇಳಲು ಹೋಗಿ ಅವಳ ಮುಖ ನೋಡಿ ಸುಮ್ಮನೆ ಪಕ್ಕಕ್ಕೆ ಸರಿದ. ಅವಳು ಗಾಡಿಯ ಅಂಚು ಹಿಡಿದು ಹತ್ತಿದಳು, ಪೆಟ್ಟಿಗೆಯ ಪಕ್ಕದಲ್ಲಿ ಮುದುಡಿ ಕೂತಳು, ಮುಚ್ಚಳದ ಮೇಲೆ ಕೆನ್ನೆಯಿಟ್ಟಳು. ಅಣ್ಣ ಎಂದದ್ದು ಹೊರಗಿದ್ದವರಿಗೂ ಕೇಳಿಸಿತು. ಆಮೇಲಿನದು ಕೇಳಿಸಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಗಾಜಿನೊಳಗೆ ಅವಳ ತುಟಿ ಅಲುಗುತ್ತಿರುವುದು ಮಾತ್ರ ಕಾಣುತ್ತಿತ್ತು. ಬಿಡುವಿಲ್ಲದೆ ಏನೇನೋ ಹೇಳುತ್ತಿದ್ದಳು.

ಗಾಡಿ ನಿಧಾನವಾಗಿ ಹೊರಟಿತು. ಜನ ಹಿಂದೆ ನಡೆದರು. ಗಾಡಿ ನಿಂತಿದ್ದ ಜಾಗದಲ್ಲಿ, ರಸ್ತೆಯ ಮೇಲೆ, ಅಕ್ಕನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಹತ್ತುವಾಗ ಜಾರಿದ್ದಿರಬೇಕು. ಹಿಮ್ಮಡಿಯ ಕಡೆ ಸವೆದ ಕಂದು ಚಪ್ಪಲಿ, ಬಾರಿಗೆ ಒಂದು ಕಡೆ ಹೊಲಿಗೆ ಹಾಕಿಸಿತ್ತು.

ನಕ್ಷೆಗಾರ ಬಗ್ಗಿ ಅದನ್ನು ಎತ್ತಿಕೊಂಡ. ಚೀಲದಲ್ಲಿ ಹಾಕಿಕೊಳ್ಳಲು ಅವನ ಹತ್ತಿರ ಚೀಲವಿರಲಿಲ್ಲ. ಹಿಂದೆ ಬರುತ್ತಿದ್ದ ಟಪಾಲಿನವರು ಚಪ್ಪಲಿಯನ್ನೂ ಅವನ ಮುಖವನ್ನೂ ನೋಡಿದರು. ಮುಂದೆ ನಡೆದರು. ಅವನು ಚಪ್ಪಲಿಯನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡು, ಅಂಗಡಿ ಬಾಗಿಲುಗಳಲ್ಲಿ ನಿಂತ ಜನರೆಲ್ಲ ನೋಡುತ್ತಿರಲು, ಎಲ್ಲರಿಗಿಂತ ಹಿಂದೆ ನಡೆದ.